ಹಣೆಯ ಮೇಲಿನ ಕೈ

ಮನೆಯ ಗೇಟು ಮುರಿದರೆ ಇಡಗುಂದಿಯಿಂದ ಶಿರಸಿಯವರೆಗೆ ಒಯ್ದು ಬೆಸುಗೆ ಹಾಕಿಸಿಕೊಂಡು ಬರುತ್ತೇನೆ. ದಾರಿಯ ಯಲ್ಲಾಪುರದಲ್ಲೇ ನನ್ನ ಹಳೇ ಗೆಳೆಯನ ವೆಲ್ಡಿಂಗ್ ಅಂಗಡಿಯಿದೆ. ಅಲ್ಲಿ ಟೆಂಪೋ ನಿಧಾನವಾದರೆ ತಲೆ ತಗ್ಗಿಸುತ್ತೇನೆ.

ಹಿಂದೆ ನಾವಿಬ್ಬರೂ ಪರದೇಶದ ಒಂದು ಹಡಗುಕಟ್ಟೆಯಲ್ಲಿ ವೆಲ್ಡರುಗಳಾಗಿದ್ದೆವು. ಅಲ್ಲಿನ ನೌಕಾಪಡೆ ಅಗ್ಗಕ್ಕೆ ಸಿಕ್ಕವೆಂದು ಇನ್ನೊಂದು ದೇಶದ ಹಳೇ ಜಲಾಂತರ್ಗಾಮಿಗಳನ್ನು ಕೊಂಡು, ರಿಪೇರಿಗೆ ಹೊಸದರ ಬೆಲೆಯನ್ನೇ ಸುರಿಯುತ್ತಿತ್ತು. ಒಂದು ಬಿರುಕು ಮುಚ್ಚುವಷ್ಟರಲ್ಲಿ ಇನ್ನೊಂದು ಕಾಣುತ್ತಿತ್ತು. ನಮಗೆಲ್ಲ ಬೇಸರ ಬಂದಿತ್ತು, ಅವನೊಬ್ಬನಿಗೆ ಇಲ್ಲ. ಪ್ರತಿ ಬೆಸುಗೆ ಆರಿದ ಮೇಲೆ ಅದಕ್ಕೆ ಕೈಯ ಹಿಂಬದಿ ತಾಗಿಸಿ, ಕಣ್ಣು ಮುಚ್ಚಿ, "ಎಂತ ಇಲ್ಲ, ಗಟ್ಟಿ ಅದೆ" ಎನ್ನುತ್ತಿದ್ದ.

ರಿಪೇರಿಯಾದದ್ದನ್ನು ಮೊದಲ ಸಲ ಮುಳುಗಿಸುವಾಗ ವೆಲ್ಡರುಗಳಲ್ಲಿ ಒಬ್ಬ ಒಳಗಿರಬೇಕೆಂಬುದು ಅಲ್ಲಿಯ ರೂಢಿ. ಆ ಸಲದ ಪಾಳಿ ನನ್ನದು. ನಾನು ಬೇಸರದಲ್ಲಿ ಹಾಕಿ ಮುಗಿಸಿದ್ದ ಬೆಸುಗೆಗಳು ಎಂಥವೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಕಂಬಳಿ ಹೊದ್ದು, ಜ್ವರ ಎಂದೆ.

"ನೀ ಮಲಗು ಮಾರಾಯ, ನಾ ಹೋಗ್ತೆ" ಎಂದ ಅವನು.

ಸಂಜೆ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ನನ್ನ ಕೋಣೆಗೆ ಬಂದ. ಕೈಯಲ್ಲಿ ಕಾಳುಮೆಣಸಿನ ಕಷಾಯವಿತ್ತು.

"ಎರಡು ಕಡೆ ನೀರು ಜಿನುಗ್ತು. ಹೆಂಗೋ ಮೇಲೆ ಬಂದ್ವಿ."

ಯಾವ ಕಡೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಾಸಿಗೆಯ ಅಂಚಿಗೆ ಕೂತು, ಕೈಯ ಹಿಂಬದಿಯನ್ನು ನನ್ನ ತಣ್ಣನೆಯ ಹಣೆಗೆ ತಾಗಿಸಿ ಕಣ್ಣು ಮುಚ್ಚಿದ. ಬಹಳ ಹೊತ್ತು ತೆಗೆಯಲಿಲ್ಲ.

"ಎಂತ ಇಲ್ಲ" ಎಂದ.

ಗಟ್ಟಿ ಅದೆ ಎಂದು ಮಾತ್ರ ಹೇಳಲಿಲ್ಲ.