ಸೈನ್ಯ ವಾಪಸ್ ಕರೆಸಿದ್ದನ್ನು ನಾನು ಬರೆಯಲಿಲ್ಲ

ಆ ರಾಜ್ಯ ಹಾಳು ಮಾಡಿದವನು ರಂಗಸ್ವಾಮಿ ಅಲ್ಲ, ನಾನು. ಅವನೇ ಹಾಳು ಮಾಡಿದ ಅಂತ ಅವನು ನಂಬಿಕೊಂಡಿದ್ದಾಗ ಆರು ವರ್ಷ ಬಾಯಿಮುಚ್ಚಿಕೊಂಡು ಕೂತಿದ್ದೆ. ಕಂಪ್ಯೂಟರ್ ಆಟದ ರಾಜ್ಯ ತಾನೇ ಅಂತ ನೀವು ನಗಬಹುದು — ನಾನೂ ಹಾಗೇ ನಕ್ಕು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವನು ಮಾತ್ರ ನಗಲಿಲ್ಲ.

ಆಗ ನಾವಿಬ್ಬರೂ ಹೊಳೆನರಸೀಪುರದ ಹತ್ತಿರ ಕರೆಂಟಿನ ಸ್ಟೇಷನ್ನೊಂದರಲ್ಲಿ ಆಪರೇಟರುಗಳು. ನಾನು ಅರಕಲಗೂಡಿನವನು, ಅವನು ನುಗ್ಗೇಹಳ್ಳಿ ಕಡೆಯವನು, ನನಗಿಂತ ಎಂಟು ವರ್ಷ ಚಿಕ್ಕವನು. ಇಬ್ಬರಿಗೂ ಸೇರಿ ಒಂದೇ ಬಾಡಿಗೆ ರೂಮು, ಒಂದೇ ಲ್ಯಾಪ್‌ಟಾಪು. ಆದರೆ ಪಾಳಿ ಬೇರೆ ಬೇರೆ, ಜೊತೆಗೆ ಕೂತು ಆಡುವ ಯೋಗವೇ ಇಲ್ಲ. ಹಳೇ ಕಾಲದ ರಾಜ್ಯವೊಂದನ್ನು ನೂರಾರು ವರ್ಷ ಆಳುವ ಆಟ ಅದು. ಹಾಗಾಗಿ ಆಟದ ಹತ್ತು ವರ್ಷ ನಾನು ಆಳುವುದು, ಮುಂದಿನ ಹತ್ತು ವರ್ಷ ಅವನು ಅಂತ ಮಾಡಿಕೊಂಡೆವು. ನಡುವೆ, ಸ್ಟೇಷನ್ನಿನಲ್ಲಿ ಮಾಡುವ ಹಾಗೆಯೇ, ಚಾರ್ಜು ಒಪ್ಪಿಸುವ ಪುಸ್ತಕ. ಅಲ್ಲಿ ಯಾವ ಲೈನು ಬಂದ್ ಇದೆ, ಯಾರು ಕಂಬ ಹತ್ತಿದ್ದಾರೆ ಅಂತ ಹೋಗುವವನು ಬರೆಯಬೇಕು, ಬರುವವನು ಅದನ್ನು ನಂಬಬೇಕು. ನಂಬದಿದ್ದರೆ ನಮ್ಮ ಕೆಲಸವೇ ನಡೆಯುವುದಿಲ್ಲ.

ರಂಗ ಆಳುವ ರೀತಿ ನೋಡಿದರೆ ನನಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು. ಒಂದು ಕಾನೂನು ಬದಲಿಸಿದರೆ ಮೂರು ವರ್ಷ ಕಾಯುತ್ತಿದ್ದ. ಯಾವ ಪ್ರಾಂತ್ಯದಲ್ಲಿ ದಂಗೆಯ ಅಪಾಯ ಎಷ್ಟಿದೆ ಅಂತ ಆಟವೇ ತೋರಿಸುತ್ತದೆ. ಅದು ಇಳಿಯುವ ತನಕ ಅವನು ಇನ್ನೊಂದಕ್ಕೆ ಕೈ ಹಾಕುವವನಲ್ಲ. “ಮೊದ್ಲು ಒಂದ್ ತುತ್ತು ಇಳೀಲಿ ಕಣಣ್ಣ, ಆಮ್ಯಾಕೆ ಇನ್ನೊಂದು,” ಅನ್ನುತ್ತಿದ್ದ. ನಾನೋ — ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ನನ್ನಂಥವನನ್ನು ನೋಡಿಯೇ ಹುಟ್ಟಿದ ಮಾತು.

ಒಂದು ಸಲ, ಅವನು ಬೆರಗಾಗಲಿ ಅಂತ, ಒಂದೇ ವರ್ಷದಲ್ಲಿ ಪಾಳೇಗಾರರ ಹಕ್ಕುಗಳನ್ನೆಲ್ಲ ಕಿತ್ತುಹಾಕಿ ಕಂದಾಯವನ್ನೂ ಏರಿಸಿದೆ. ಬೊಕ್ಕಸ ತುಂಬಿತು. ದಕ್ಷಿಣದ ಮೂರು ಪ್ರಾಂತ್ಯಗಳಲ್ಲಿ ಅಪಾಯ ವಿಪರೀತ ಏರಿತು. ಅಲ್ಲಿಗೆ ಸೈನ್ಯ ತಂದು ಕೂರಿಸಿದೆ; ಸೈನ್ಯ ಇರುವಷ್ಟು ದಿನ ಜನ ತೆಪ್ಪಗಿರುತ್ತಾರೆ, ಅಪಾಯವೂ ಇಳಿದು ಕಾಣುತ್ತದೆ. ಒಪ್ಪಿಸುವ ಹೊತ್ತು ಬಂದಾಗ — ಸೈನ್ಯ ಅಲ್ಲಿ ನಿಂತದ್ದನ್ನು ಕಂಡರೆ ಅವನಿಗೆ ಗೊತ್ತಾಗಿಬಿಡುತ್ತದಲ್ಲ — ಗಡಿಗೆ ವಾಪಸ್ ಕಳಿಸಿದೆ. ಮತ್ತೆ ಅಪಾಯ ಏರಲು ಕೆಲವು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಅವನ ಆಳ್ವಿಕೆ ಶುರುವಾಗಿರುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕದಲ್ಲಿ ಬರೆದದ್ದು ಇಷ್ಟೇ: “ಹಕ್ಕು ರದ್ದಾಗಿದೆ, ಯಾರೂ ಕೆಮ್ಮಿಲ್ಲ. ಎಲ್ಲ ಶಾಂತ.”

ಅವನು ನಂಬಿದ. ಇಷ್ಟು ಶಾಂತವಾಗಿರುವಾಗ ಒಂದು ಒಳ್ಳೆಯದು ಮಾಡೋಣ ಅಂತ, ಯಾರು ಎಷ್ಟು ಕಂದಾಯ ಕಟ್ಟಬೇಕು ಅಂತ ಊರವರೇ ಕೂತು ಗೊತ್ತುಮಾಡುವ ಕಾನೂನು ತಂದ. ಅದೇ ವರ್ಷ ಮೂರೂ ಪ್ರಾಂತ್ಯ ದಂಗೆ ಎದ್ದವು, ರಾಜಧಾನಿ ಬಿತ್ತು. ನಾನು ಡ್ಯೂಟಿ ಮುಗಿಸಿ ಬಂದಾಗ ಅವನು ಗೋಡೆಗೆ ಒರಗಿ ಕೂತಿದ್ದ.

“ನಾನೇ ಕೆಡಿಸ್ಬುಟ್ಟೆ ಕಣಣ್ಣ. ಸುಮ್ಕಿದ್ದೋರ್ನ ಕೆಣಕ್ಬುಟ್ಟೆ.”

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ — “ಓಗ್ಲಿ ಬುಡ್ಲಾ, ಆಟ ತಾನೆ,” ಅಂದೆ.

ಅಷ್ಟಕ್ಕೇ ನಿಂತಿದ್ದರೆ... ನಿಲ್ಲಲಿಲ್ಲ. ಮರುವರ್ಷ ಅವನ ಊರಿನ ಕೆರೆಯ ನೀರಿನ ಸರದಿ ಸರಿಪಡಿಸಿಕೊಡಪ್ಪ ಅಂತ ಕೊನೇ ಗದ್ದೆಯವರು ಅವನನ್ನು ಕೇಳಿಕೊಂಡರು. ತೂಬಿನ ಪಕ್ಕದವರಿಗೆ ಮೊದಲು ನೀರು, ಕೊನೆಯವರಿಗೆ ಮಿಕ್ಕಿದ್ದು — ಅಜ್ಜನ ಕಾಲದ ಕಟ್ಟುಪಾಡು ಅದು; ಈಚೆಗೆ ಮಿಕ್ಕುವುದೇ ನಿಂತುಹೋಗಿತ್ತು. ಎರಡೂ ಕಡೆಯವರು ಕೇಳುತ್ತಿದ್ದುದು ಇವನೊಬ್ಬನ ಮಾತನ್ನೇ. ಇವನು ಒಪ್ಪಲಿಲ್ಲ. ಕಾರಣ ನನಗೊಬ್ಬನಿಗೇ ಹೇಳಿದ, ಊಟಕ್ಕೆ ಕೂತಾಗ: “ಯಾವಾಗ ಕೈ ಆಕ್ಬೇಕು ಅನ್ನೋದೇ ನಂಗೆ ತಿಳಿಯಾಕಿಲ್ಲ ಕಣಣ್ಣ. ಆಟ್ದಲ್ಲೇ ಕಂಡ್ನಲ್ಲ. ಊರೇ ಅತ್ಕಂಡ್ ಉರಿದ್ರೆ?”

ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ. ಆಗಲೂ ಹೇಳಲಿಲ್ಲ. ಅಣ್ಣ ಅಣ್ಣ ಅನ್ನಿಸಿಕೊಂಡವನು ಸಣ್ಣವನಾಗಿಬಿಡುತ್ತೇನೆ ಅಂತ — ಥೂ! ಐದು ವರ್ಷ ಆ ಕೊನೇ ಗದ್ದೆಗಳು ಬೀಳುಬಿದ್ದವು.

ಅಷ್ಟರಲ್ಲಿ ನನಗೆ ಹಾಸನಕ್ಕೆ ವರ್ಗವಾಗಿತ್ತು. ಈ ಸಲ ಕೆರೆ ತುಂಬಿದಾಗ ನೆಂಟರ ಮದುವೆ ಮುಗಿಸಿ ಬರುತ್ತಿದ್ದೆ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ರಂಗ ಸಿಕ್ಕಿದ. “ಕೆರೆ ನೀರಿಂದು ಮತ್ತೆ ಕೇಳ್ತಾವ್ರೆ ಕಣಣ್ಣ. ನನ್ ಕೈಲಿ ಆಗಾಕಿಲ್ಲ ಅಂತ ಏಳಾಕೆ ಓಯ್ತಾ ಇವ್ನಿ,” ಅಂದ. ಇನ್ನು ತಡೆಯಲಾಗಲಿಲ್ಲ. ಕಂಡಕ್ಟರುಗಳ ಕೂಗಾಟದ ನಡುವೆಯೇ, ಸೈನ್ಯ ತಂದದ್ದು, ಕಳಿಸಿದ್ದು, ಬರೆಯದೇ ಬಿಟ್ಟದ್ದು — ಎಲ್ಲ ಹೇಳಿದೆ.

ಹೆಗಲಿನ ಬ್ಯಾಗು ಕೆಳಗಿಟ್ಟ. “ಅಂಗಾರೆ ನಾನ್ ತಂದಿದ್ ಕಾನೂನು ತಪ್ಪಲ್ಲ?”

“ಅಲ್ಲ ಕಣೋ.”

“ಇಷ್ಟು ಏಳಾಕೆ ಆರ್ ವರ್ಸ ಬೇಕಾಯ್ತಾ ನಿಂಗೆ?”

ಅಣ್ಣ ಅನ್ನಲಿಲ್ಲ. ಬಸ್ಸು ಹತ್ತಿ ಹೋದ.

ಆಮೇಲಿನದು ಅವನ ಹೆಂಡತಿ ಜಯಮ್ಮ ಫೋನಿನಲ್ಲಿ ಹೇಳಿದ್ದು. ರಂಗ ಊರಿನವರನ್ನು ಕೂರಿಸಿಕೊಂಡನಂತೆ. ಒಂದೇ ತೂಬು, ಒಂದೇ ಬೆಳೆ, ವಾರಕ್ಕೆ ಎರಡು ದಿನ ಕೊನೆಯವರಿಗೆ ಮೊದಲ ನೀರು — ಮಾಡಿ ನೋಡೋಣ ಅಂದನಂತೆ. ತೂಬಿನ ಪಕ್ಕದ ಹಿರಿಯರೊಬ್ಬರು ಟವೆಲ್ಲು ಕೊಡವಿ ಎದ್ದುಹೋದರೆ, ಅವರ ಮನೆ ಜಗಲಿಯ ಮೇಲೆ ಸಂಜೆವರೆಗೂ ಕೂತು, ಒಪ್ಪಿಸಿಕೊಂಡೇ ಬಂದನಂತೆ. “ನೀರು ಬುಟ್ಟವ್ರೆ ಅಣ್ಣ, ಕೊನೇ ಗದ್ದೇಲಿ ನಾಟಿ ಆಯ್ತಾ ಐತೆ,” ಅಂದಳು. ನನಗೆ ಖುಷಿಯೂ ಆಯಿತು, ಅಳುವೂ ಬಂತು.

ರಂಗ ಇನ್ನೂ ನನ್ನ ಜೊತೆ ಮಾತಾಡಿಲ್ಲ. ಮಾತಾಡು ಅಂತ ಕೇಳುವ ಮುಖ ನನಗಿಲ್ಲ. ಮುಂದಿನ ವಾರಕ್ಕೆ ರಜೆ ಹಾಕಿದ್ದೇನೆ. ಅವನ ಊರಿಗೆ ಹೋಗಿ, ಕೊನೇ ಗದ್ದೆಯವರ ಒಂದೊಂದು ಮನೆ ಬಾಗಿಲಲ್ಲೂ ನಿಂತು, ಐದು ವರ್ಷ ನಿಮ್ಮ ನೀರು ತಪ್ಪಿಸಿದವನು ನಾನು ಅಂತ ಹೇಳಬೇಕು. ಬೈದರೆ ಬೈಸಿಕೊಳ್ಳುತ್ತೇನೆ. ಅದ್ಯಾವ ಆಟವಪ್ಪ ಅಂತ ಕೇಳಿದರೆ, ಅದನ್ನೂ ಕೂತು ಹೇಳುತ್ತೇನೆ.