ಬಾಡದ ಮರಳಿನಲ್ಲಿ ನಮ್ಮ ಮಾಲ್ಟಾ

“ಇವ್ರೆಲ್ಲ ಬಿಸ್ಲಲ್ಲಿ ಎಂತಕ್ಕೆ ಮಲ್ಕಂಡದ್ದು?” ಮಾಲ್ಟಾ ದ್ವೀಪದ ಕಡಲದಂಡೆಯ ಚಿತ್ರ ನೋಡಿ ಅತ್ತೆ ಕೇಳಿದರು. ಹಡಗಿನ ಕೆಲಸದಿಂದ ನಮ್ಮೂರು ಬಾಡಕ್ಕೆ ಬಂದಿದ್ದ ನನ್ನ ಗಂಡ, ಮುಂದಿನ ವರ್ಷ ರಜೆಗೆ ನನ್ನನ್ನು ಅಲ್ಲಿಗೆ ಕರೆದೊಯ್ಯುವ ಯೋಜನೆಯಲ್ಲಿದ್ದರು.

“ರಜೆ ಅಂದ್ರೆ ಹಾಂಗೇ ಆಯಿ, ಸುಮ್ನೆ ಮಲಗೂದು” ಎಂದು ಅವರು ತಾಯಿಗೆ ಹೇಳಿದರು.

ಅತ್ತೆ ಕಡಲದಂಡೆಗೆ ಹೋಗುತ್ತಿದ್ದದ್ದೇ ಮೀನು ಒಣಗಿಸಲು. ಮರುದಿನ ಬೆಳಿಗ್ಗೆ ಒಣಗಲು ಹರವಿದ ತಾರ್ಲೆ ಮೀನಿನ ಪಕ್ಕದಲ್ಲೇ ಚಾಪೆ ಹಾಸಿ, ಕಾಗೆ ಓಡಿಸುವ ಕೋಲನ್ನು ನನ್ನ ಕೈಯಿಂದ ಕಸಿದುಕೊಂಡರು. “ಇವತ್ತು ಕಾಗೆ ನಾ ಓಡಿಸ್ತೆ. ನೀವಿಬ್ರೂ ಮಲ್ಕಣಿ.”

ನಾಚುತ್ತಲೇ ಮಲಗಿದೆವು. ನೋಡಿ ನಕ್ಕ ನೆರೆಯವರನ್ನೂ ಅತ್ತೆ ಕೋಲು ಬೀಸಿ ಓಡಿಸಿದರು.

ನಲವತ್ತು ವರ್ಷವಾಯಿತು, ಮಾಲ್ಟಾಕ್ಕೆ ನಾವು ಹೋಗಲೇ ಇಲ್ಲ. ಅದಕ್ಕೆ ಬೇಸರವಿಲ್ಲ. ಆದರೆ ಆ ಚಾಪೆಯಲ್ಲಿ ಅತ್ತೆಗೂ ಜಾಗವಿತ್ತು. ಕರೆಯಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.