ಕಾಗೆ ಕೊಕ್ಕಿಗೆ ಖೊಕ್ ಖೊಕ್

ಶಾಲೆಯ ಗಂಟೆಯ ನಾಲಿಗೆ ಕಳಚಿ ಬಿದ್ದ ವರ್ಷ ಅವಳಿಗೆ ಆ ಹೆಸರು ಬಂತು. ಹೊಸ ಗಂಟೆ ಬರುವವರೆಗೆ ಊಟದ ಬಿಡುವಿಗೂ ಮನೆಗೆ ಬಿಡುವುದಕ್ಕೂ ಒಂದನೇ ತರಗತಿಯ ಟೀಚರಾಗಿದ್ದ ಅವಳೇ ವರಾಂಡದಲ್ಲಿ ನಿಂತು "ಬಿಟ್ಟಾಯ್ತೂ" ಅಂತ ಒಂದು ಕೂಗು ಹಾಕುತ್ತಿದ್ದಳು. ಮಹಡಿ ಮೇಲಿನ ಕ್ಲಾಸುಗಳೂ ಚೀಲ ಏರಿಸಿಕೊಂಡು ದಡದಡ ಇಳಿಯುತ್ತಿದ್ದವು. ಗಂಟೆ ಟೀಚರ್ ಅಂತ ಮೊದಲು ಮಕ್ಕಳು ಕರೆದರು. ಆಮೇಲೆ ಮಕ್ಕಳ ಅಪ್ಪ ಅಮ್ಮ ಕರೆದರು. ಕೊನೆಗೆ ಗೇಟಿನೆದುರಿನ ಪೆನ್ಸಿಲ್ ಅಂಗಡಿಯವನೂ ಕರೆದ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೊಳಗೇ ಹಿಗ್ಗಿದಳು.

ಆ ದನಿ ಮನೆಯಲ್ಲಿ ತಯಾರಾದದ್ದು. ಗಂಡ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ದಿನವೆಲ್ಲ ಗಿರಣಿಯ ಗಡಗಡ ಸದ್ದಿನಲ್ಲೇ ಇದ್ದು ಅವನ ಕಿವಿ ಮಂದವಾಗಿತ್ತು. ಯಾರೇ ಮಾತಾಡಿದರೂ "ಆಂ?" ಅನ್ನುವವನು. ಒಂದೇ ಸಲಕ್ಕೆ ಕೇಳಿಸುತ್ತಿದ್ದದ್ದು ಹೆಂಡತಿಯ ಮಾತು ಮಾತ್ರ.

"ಬೇರೆ ಗಂಡಸರು ಕೇಳಿಸ್ಲಿಲ್ಲ ಅಂತ ತಪ್ಪಿಸ್ಕೋತಾರೆ. ನಂಗೆ ಆ ಭಾಗ್ಯಾನೂ ಇಲ್ಲ," ಅಂತ ಗಿರಾಕಿಗಳ ಮುಂದೆ ನಗುತ್ತಿದ್ದ.

ಎಷ್ಟೋ ವರ್ಷ ದುಡಿದ ಆ ಗಂಟಲು ಒಂದು ದಿನ ಕೈಕೊಟ್ಟಿತು. ಮೊದಲು ಒಣ ಕೆಮ್ಮು. ಸಣ್ಣದಾಗಿ ಎರಡು ಸಲ, ಹಿಂದೆಯೇ ಗಂಟಲು ಸರಿಮಾಡಿಕೊಳ್ಳುವ ಒಂದು ಸದ್ದು. ಖೊಕ್ ಖೊಕ್, ಹ್ಞಾಂ. ಸೀಮೆಸುಣ್ಣದ ಪುಡಿ ಇರಬೇಕು ಅಂತ ಅವಳು ತಲೆಗೆ ಹಚ್ಚಿಕೊಳ್ಳಲಿಲ್ಲ. ಆಮೇಲೆ ದನಿ ಒಡೆಯಿತು. ಸಂಜೆ ಹೊತ್ತಿಗೆ ಮಾತೇ ಏಳುತ್ತಿರಲಿಲ್ಲ. ಡಾಕ್ಟರ್ ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ದನಿ ಹೊರಡುವ ಜಾಗದಲ್ಲೇ ಗಂಟು ಬೆಳೆದಿದೆ, ತೆಗೆಯಲೇಬೇಕು ಅಂದರು.

"ತೆಗೆದ್ಮೇಲೆ ದನಿ ಬರುತ್ತಲ್ವಾ ಡಾಕ್ಟ್ರೇ?"

"ಬರುತ್ತಮ್ಮಾ. ಆದ್ರೆ ಹಳೇ ದನೀನೇ ಬರುತ್ತೆ ಅಂತ ನಾನು ಮಾತು ಕೊಡಲ್ಲ."

ಶಾಲೆಯ ಹೆಡ್ ಮೇಡಂ ಕೆಟ್ಟವರಲ್ಲ. ವಿಷಯ ಕೇಳಿ ಕೂರಿಸಿ ನೀರು ಕೊಟ್ಟರು. ಕೊಟ್ಟ ಮೇಲೆ ಹೇಳಬೇಕಾದ್ದನ್ನು ಹೇಳಿದರು.

"ಒಂದನೇ ಕ್ಲಾಸಿನ ಮಕ್ಕಳು ಟೀಚರ್, ಓದೋಕೆ ಬರಲ್ಲ. ಅವಕ್ಕೆಲ್ಲಾ ಕಿವಿಯಿಂದಾನೇ ಹೋಗ್ಬೇಕು. ನಿಮಗೆ ದನಿ ಇಲ್ದಿದ್ರೆ ಹೆಂಗೆ? ಸ್ಟೋರ್ ರೂಮ್ ನೋಡ್ಕೊಳ್ಳಿ, ಪುಸ್ತಕ, ಚಾಪೆ, ಆಟದ ಸಾಮಾನು. ಆರಾಮಾಗಿರುತ್ತೆ."

ಅವಳಿಗೆ ಮಕ್ಕಳಾಗಿರಲಿಲ್ಲ. ಆ ಮಾತನ್ನು ಅವಳು ಯಾರ ಮುಂದೂ ಎತ್ತಿದವಳಲ್ಲ. ಪ್ರತಿ ವರ್ಷ ಮೂಗು ಸೋರಿಸಿಕೊಂಡು ಅಳುತ್ತಾ ಬಂದು, ವರ್ಷದ ಕೊನೆಗೆ ತಾವೇ ಕಥೆ ಹೇಳುವಷ್ಟಾಗಿ ಮುಂದಿನ ಕ್ಲಾಸಿಗೆ ಹೋಗುವ ಮಕ್ಕಳು ಅವಳಿಗೆ ಸಾಕಾಗಿದ್ದವು. ಸ್ಟೋರ್ ರೂಮಿನಲ್ಲಿ ಯಾರಿಗೆ ಕಥೆ ಹೇಳುವುದು? ಚಾಪೆಗಾ?

ದಾರಿ ತೋರಿಸಿದವಳು ಕಂಪ್ಯೂಟರ್ ಮಿಸ್. ಚಿಕ್ಕ ಹುಡುಗಿ, ಇವಳನ್ನು ಅಕ್ಕ ಅನ್ನುತ್ತಿದ್ದಳು. "ಅಕ್ಕಾ, ಆಪರೇಷನ್ನಿಗೆ ಮುಂಚೇನೇ ನಿಮ್ಮ ದನಿ ಹಿಡಿದಿಟ್ಕೊಳ್ಳೋಣ. ಒಂದೊಂದು ಪಾಠಕ್ಕೂ ಒಂದು ಕ್ಯೂಆರ್ ಕೋಡ್ ಮಾಡಿ ಗೋಡೆಗೆ ಅಂಟಿಸ್ತೀನಿ. ಮಕ್ಕಳು ಫೋನ್ ಹಿಡಿದ್ರೆ ಸಾಕು, ನೀವು ಮಾತಾಡ್ತೀರಿ."

ಹೆಡ್ ಮೇಡಂ ಯೋಚಿಸಿ ಒಪ್ಪಿದರು. "ಆಯ್ತು. ಮೇಲಿನವರು ನೋಡೋಕೆ ಬರ್ತಾರೆ. ಅವರು ಸರಿ ಅಂದ್ರೆ ನೀವು ಕ್ಲಾಸಲ್ಲೇ ಇರಿ. ಇಲ್ಲಾಂದ್ರೆ ನನ್ನ ಬೈಬಾರ್ದು."

ಮಾತು ಹಿಡಿದಿಟ್ಟದ್ದು ಅದೇ ಸ್ಟೋರ್ ರೂಮಿನಲ್ಲಿ. ಕಿಟಕಿಗೆ ಕಂಬಳಿ ಕಟ್ಟಿ, ಕಾಲು ಮುರಿದ ಬೆಂಚಿನ ಮೇಲೆ ಕೂತು, ಸುತ್ತಿಟ್ಟ ಚಾಪೆಗಳನ್ನೇ ಮಕ್ಕಳು ಅಂದುಕೊಂಡು ಅವಳು ಇದ್ದಬದ್ದ ದನಿಯನ್ನೆಲ್ಲ ಸುರಿದಳು. ಕಥೆ, ಹಾಡು, ಪ್ರಾಣಿಗಳ ಕೂಗು. ಮುಖ್ಯವಾದದ್ದು 'ಕೇಳಿ ಮಾಡು' ಅನ್ನುವ ಪಾಠ. ಫೋನಿನೊಳಗಿನ ಟೀಚರ್ ಹೇಳಿದ್ದನ್ನು ಕೇಳಿಸಿಕೊಂಡು ಮಕ್ಕಳು ಹಾಳೆಯಲ್ಲಿ ಮಾಡಬೇಕು. ಗಮನವಿಟ್ಟು ಕೇಳುವುದನ್ನು ಕಲಿಯಲಿ ಅಂತ.

"ಮಕ್ಕಳೇ, ಹಾಳೆಯಲ್ಲಿ ಒಂದು ಕಾಗೆ ಇದೆ, ಸಿಕ್ತಾ? ಈಗ ಕಾಗೆಯ ಕೊಕ್ಕಿಗೆ... ಖೊಕ್ ಖೊಕ್, ಹ್ಞಾಂ... ಕೆಂಪು ಬಣ್ಣ ಹಚ್ಚಿ."

"ಅಕ್ಕಾ, ಮಧ್ಯ ಕೆಮ್ಮು ಬಂತು. ಇನ್ನೊಂದ್ಸಲ ಹೇಳ್ತೀರಾ?"

"ಇನ್ನೊಂದ್ಸಲ ಹೇಳೋಷ್ಟು ದನಿ ಇದ್ರೆ ಇನ್ನೊಂದು ಕಥೆ ಹೇಳ್ತೀನಿ. ಇರ್ಲಿ ಬಿಡಮ್ಮಾ."

ರಜೆಯಲ್ಲಿ ಆಪರೇಷನ್ ಆಯಿತು. ಹಳೇ ದನಿ ಬರಲಿಲ್ಲ. ಬಂದದ್ದು ಬರೀ ಗಾಳಿ, ಗಾಳಿಯ ಜೊತೆ ಒಂಚೂರು ಅಕ್ಷರ. ಜೋರು ಮಾಡಬೇಡಿ, ಕೆಮ್ಮಲೇಬೇಡಿ, ಕೆಮ್ಮು ಬಂದರೆ ನೀರು ಕುಡಿಯಿರಿ ಅಂತ ಡಾಕ್ಟರ್ ಗದರಿ ಕಳಿಸಿದರು. ಮನೆಯಲ್ಲಿ ಗಂಡ ಅವಳ ಬಾಯಿಯ ಹತ್ತಿರ ಕಿವಿ ತಂದು "ಆಂ?" ಅನ್ನುತ್ತಿದ್ದ. ಅವಳು ಮತ್ತೆ ಹೇಳುತ್ತಿದ್ದಳು. ಅವನು ಮತ್ತೆ "ಆಂ?" ಅನ್ನುತ್ತಿದ್ದ. ಅವನು ಒಂದು ದಿನ ಕಾಗೆ ಪಾಠದ ಕೋಡ್ ಇದ್ದ ಹಾಳೆ ಕೇಳಿ ಇಸಕೊಂಡು ಹೋಗಿ ಗಿರಣಿಯ ಗೋಡೆಗೆ ಅಂಟಿಸಿಕೊಂಡ. ಗಿರಾಕಿ ಇಲ್ಲದಾಗ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳುತ್ತಿದ್ದ. ಅದನ್ನು ಅವಳಿಗೆ ಹೇಳಿದವರು ಗಿರಾಕಿಗಳು.

ಶಾಲೆ ಶುರುವಾಯಿತು. ಈ ಸಲ ಬಂದ ಮಕ್ಕಳು ಹೊಸಬರು. ಗಂಟೆ ಟೀಚರ್ ಯಾರೆಂದು ಅವಕ್ಕೆ ಗೊತ್ತಿಲ್ಲ. ಗೋಡೆಯ ತುಂಬಾ ಅವುಗಳ ಎತ್ತರಕ್ಕೆ ಸರಿಯಾಗಿ ಕಪ್ಪು ಚೌಕಗಳು. ಪಕ್ಕದಲ್ಲಿ ಕಾಗೆ, ಮೋಡ, ಮೀನಿನ ಚಿತ್ರ. ಮೇಜಿನ ಮೇಲೆ ಮನೆಯವರು ಕೊಟ್ಟ ಹಳೇ ಫೋನುಗಳು, ಒಂದಕ್ಕೆ ಗಾಜು ಒಡೆದಿದೆ, ಇನ್ನೊಂದಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ.

"ಟೀಚರ್, ಇಷ್ಟೊಂದು ಇರುವೆ ಯಾಕೆ ಇಲ್ಲಿ ಕೂತಿದಾವೆ?" ಅಂತ ಕೇಳಿದಳು ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ. ಎಲ್ಲರೂ ಅವಳನ್ನು ಬೊಚ್ಚಿ ಅನ್ನುತ್ತಿದ್ದರು. ಅವತ್ತಿನಿಂದ ಅವು ಇರುವೆ ಚೌಕಗಳಾದವು. ಅದರೊಳಗೆ ಮಾತಾಡುವವರು ಗೋಡೆ ಟೀಚರ್. ಹೊರಗೆ ನಿಂತು ಬಾಯಾಡಿಸುವವರು ಪಿಸು ಟೀಚರ್.

ಗೋಡೆ ಟೀಚರನ್ನು ಕಂಡರೆ ಮಕ್ಕಳಿಗೆ ಪ್ರಾಣ. ಫೋನ್ ಹಿಡಿದು ಸರತಿಯಲ್ಲಿ ನಿಲ್ಲುತ್ತಿದ್ದವು, ಕೇಳಿಸಿಕೊಂಡು ಹಲ್ಲು ಬಿಡುತ್ತಿದ್ದವು, ಪಿಸು ಟೀಚರ್ ಹತ್ತಿರ ಚಾಡಿ ಹೇಳುತ್ತಿದ್ದವು.

"ಗೋಡೆ ಟೀಚರ್ ಕೆಂಪು ಅಂದ್ರು, ಇವನು ನೋಡಿ ನೀಲಿ ಬಳ್ಕೊಂಡಿದಾನೆ!"

ಒಂದು ಸಲ ಅವಳಿಗೆ ತಡೆಯಲಾಗಲಿಲ್ಲ. ಬೊಚ್ಚಿಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು, "ಗೋಡೆ ಟೀಚರ್ ನಾನೇ ಕಣೇ."

ಬೊಚ್ಚಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಥೂ, ಟೀಚರ್ರಾಗಿ ಸುಳ್ಳು ಹೇಳ್ಬಾರ್ದು."

ಅವಳು ನಕ್ಕಳು. ನಗು ಕೂಡ ಗಾಳಿಯಾಗೇ ಬಂತು.

ಮಕ್ಕಳು ಕೇಳಿದ್ದನ್ನು ಕೇಳಿದ ಹಾಗೇ ಕಲಿಯುತ್ತವೆ. ಕಾಗೆ ಪಾಠ ಹೇಳುವಾಗ ಕೆಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದವು. ಕೊಕ್ಕಿಗೆ ಖೊಕ್ ಖೊಕ್ ಚೆನ್ನಾಗಿ ಹೊಂದಿಕೊಂಡಿತ್ತಲ್ಲ, ಹಾಡಿನ ಸಾಲು ಇರಬೇಕು ಅಂದುಕೊಂಡಿದ್ದವು. ಕೆಲವು ಮಕ್ಕಳು ಖೊಕ್ ಖೊಕ್ ಅನ್ನುವಾಗ ಕಾಗೆಯ ಕತ್ತಿನ ಹಾಗೆ ಕತ್ತು ಕುಣಿಸುತ್ತಿದ್ದವು. ಕಂಪ್ಯೂಟರ್ ಮಿಸ್ ನೋಡಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಹೆದರಿದಳು.

"ಅಕ್ಕಾ, ಮೇಲಿನವರು ಬರೋದ್ರೊಳಗೆ ಅದನ್ನ ಕತ್ತರಿಸಿ ತೆಗೀಲಾ?"

ಪಿಸು ಟೀಚರ್ ಬೇಡ ಅಂತ ತಲೆ ಅಲ್ಲಾಡಿಸಿದಳು. ಗೋಡೆಯೊಳಗಿದ್ದ ಚಂದದ ದನಿಯೆಲ್ಲ ಮಕ್ಕಳ ಲೆಕ್ಕಕ್ಕೆ ಬೇರೆ ಯಾರದೋ. ಆ ಕೆಮ್ಮು ಮಾತ್ರ ತನ್ನದು ಅನ್ನಿಸಿತ್ತು ಅವಳಿಗೆ. ಬಿಟ್ಟಳು.

ಮೇಲಿನವರು ಬಂದರು. ಇಸ್ತ್ರಿ ಗರಿ ಮುರಿಯದ ಇಬ್ಬರು ಗಂಡಸರು, ಒಬ್ಬ ಹೆಂಗಸು. ಗೋಡೆ ನೋಡಿದರು, ತಾವೂ ಫೋನ್ ಹಿಡಿದು ಮೋಡದ ಕಥೆ ಕೇಳಿದರು, ಭೇಷ್ ಅಂದರು. ಹೆಡ್ ಮೇಡಂ ಮುಖ ಅರಳಿತು. ಪಿಸು ಟೀಚರ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಳು. ಎಲ್ಲಾ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗುತ್ತಿತ್ತು.

"ಮಕ್ಕಳೇ, ಕಾಗೆ ಪಾಠದಲ್ಲಿ ಟೀಚರ್ ಏನ್ ಹೇಳಿದಾರೆ? ಎಲ್ರೂ ಹೇಳಿ ನೋಡೋಣ," ಅಂದರು ಬಂದ ಹೆಂಗಸು.

ಇಡೀ ಕ್ಲಾಸು ಎದ್ದು ನಿಂತು ಒಂದೇ ಬಾಯಲ್ಲಿ ಹೇಳಿತು. "ಈಗ ಕಾಗೆಯ ಕೊಕ್ಕಿಗೆ, ಖೊಕ್ ಖೊಕ್, ಹ್ಞಾಂ, ಕೆಂಪು ಬಣ್ಣ ಹಚ್ಚಿ!"

ಗಂಡಸರಲ್ಲಿ ಒಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ ಮೇಡಂ, ಗೋಡೆಗೇ ಕೆಮ್ಮು ಹತ್ತಿದೆಯಲ್ರೀ! ಮಕ್ಕಳಿಗೆ ಅಂಟಿದೆ ನೋಡಿ. ಗೋಡೆಗೆ ಔಷಧಿ ಕುಡಿಸಿ ಮೊದಲು."

ಹೆಡ್ ಮೇಡಂ ಮುಖ ಸುಟ್ಟ ಬದನೆಕಾಯಿ ಆಯಿತು. ಮಕ್ಕಳು ತಮ್ಮನ್ನು ಹೊಗಳಿದರು ಅಂದುಕೊಂಡು ಇನ್ನೊಂದು ಸಲ ಹೇಳಿದವು, ಇನ್ನೂ ಜೋರಾಗಿ.

ಮರುದಿನ ಹೆಡ್ ಮೇಡಂ ಅವಳನ್ನು ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವರಿಗೆ ತುಂಬಾ ಇಷ್ಟ ಆಯ್ತು ಟೀಚರ್. ಎಲ್ಲಾ ಕ್ಲಾಸಿಗೂ ಮಾಡಿಸಿ ಅಂದ್ರು. ದನಿ ಒಂದು ಬದಲಿಸಿ ಅಂದ್ರು ಅಷ್ಟೇ. ಕಂಪ್ಯೂಟರ್ ಮಿಸ್ ದನಿ ಚೆನ್ನಾಗಿದೆಯಲ್ಲ, ಅವಳೇ ಮಾಡ್ತಾಳೆ. ಕ್ಲಾಸೂ ಅವಳೇ ನೋಡ್ಕೋತಾಳೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು, ಗಂಟಲಿಗೆ ಪೂರ್ತಿ ರೆಸ್ಟು."

ಅವಳು ಏನೋ ಅಂದಳು. ಫ್ಯಾನಿನ ಸದ್ದಿನಲ್ಲಿ ಅದು ಮೇಜು ದಾಟಲಿಲ್ಲ.

ಹೊರಗೆ ಕಂಪ್ಯೂಟರ್ ಮಿಸ್ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು. "ನಾನಾಗಿ ಕೇಳ್ಲಿಲ್ಲ ಅಕ್ಕಾ, ನಿಮ್ಮಾಣೆ."

ಗೊತ್ತು ಅನ್ನುವ ಹಾಗೆ ಟೀಚರ್ ಅವಳ ಕೆನ್ನೆ ತಟ್ಟಿ ಮುಂದೆ ಹೋದಳು. ಆ ಹುಡುಗಿ ಕೇಳಿರಲಿಲ್ಲ, ನಿಜ. ಬೇಡ ಅಂತಲೂ ಅಂದಿರಲಿಲ್ಲ.

ಗಿರಣಿಗೆ ಹೋಗಿ ಗಂಡನಿಗೆ ಹೇಳಿದಳು. ಕಾಗೆ, ಕೊಕ್ಕು, ಮೇಲಿನವರು, ನಗು. ಬೆಲ್ಟು ತಿರುಗುತ್ತಿತ್ತು. ಅವನಿಗೆ ಸಿಕ್ಕಿದ್ದು ಒಂದೇ ಪದ.

"ಆಂ? ಕೊಕ್ ಕೊಟ್ರಾ?"

ಅವಳು ಹೌದು ಅಂತ ತಲೆಯಾಡಿಸಿದಳು. ಅದಕ್ಕಿಂತ ಸರಿಯಾಗಿ ಅವಳೂ ಹೇಳುವಂತಿರಲಿಲ್ಲ. ಅವನು ಗಿರಣಿ ನಿಲ್ಲಿಸಿದ. ಹಿಟ್ಟು ಮೆತ್ತಿದ ಕೈಯಲ್ಲೇ ಫೋನ್ ತೆಗೆದು ಗೋಡೆಯ ಹಾಳೆಗೆ ಹಿಡಿದ, ಸಮಾಧಾನಕ್ಕೆ ಅವಳಿಗೂ ಕೇಳಿಸೋಣ ಅಂತ. ಫೋನ್ ಗಿರ್ರನೆ ಸುತ್ತಿ, ಸಿಗುತ್ತಿಲ್ಲ ಅಂತ ತೋರಿಸಿತು. ಹೊಸ ದನಿ ಹಾಕಲು ಶಾಲೆಯಲ್ಲಿ ಹಳೆಯದನ್ನೆಲ್ಲ ಆಗಲೇ ಅಳಿಸಿದ್ದರು.

"ಇದಕ್ಕೂ ಕರೆಂಟ್ ಹೋಯ್ತಾ?" ಅಂದ ಅವನು. ಉಗುರಿನಿಂದ ಹಿಟ್ಟು ಕೆರೆದು ಇನ್ನೊಮ್ಮೆ ಹಿಡಿದ. ಮತ್ತೊಮ್ಮೆ ಹಿಡಿದ. "ಬೆಳಗ್ಗೆ ಮಾತಾಡಿದ್ಯಲ್ಲೇ ನೀನು."

ಸ್ಟೋರ್ ರೂಮಿನ ಬೀಗದ ಕೈ ಕೊಟ್ಟ ದಿನವೇ ಇನ್ನೊಂದು ಕೆಲಸವನ್ನೂ ಹೇಳಿದರು. ಗೋಡೆಯ ಹಳೇ ಚೌಕಗಳನ್ನು ಕಿತ್ತು ಚೊಕ್ಕ ಮಾಡಬೇಕು, ಹೊಸದು ಅಂಟಿಸುವುದಕ್ಕೆ. ಅದಕ್ಕೆ ದನಿ ಬೇಕಾಗಿಲ್ಲವಲ್ಲ. ಬಕೆಟ್ಟು, ಒದ್ದೆ ಬಟ್ಟೆ, ಮೊಂಡು ಚಾಕು ತಗೊಂಡು ಅವಳು ಮಂಡಿಯೂರಿ ಕೂತಳು. ಮೀನು ಬಂತು. ಮೋಡ ಬಂತು. ಕಾಗೆಯ ಚೌಕ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಕೆರೆದಷ್ಟೂ ಗೋಡೆಯ ಸುಣ್ಣವೂ ಪುಡಿಪುಡಿಯಾಗಿ ಉದುರಿತು.

ಮಕ್ಕಳು ಆಟ ಬಿಟ್ಟು ಒಳಗೆ ಬಂದು ಸುತ್ತ ಮುತ್ತಿಕೊಂಡವು. ಹೊಸ ಟೀಚರ್ ಇನ್ನೂ ಬಂದಿರಲಿಲ್ಲ.

"ಪಿಸು ಟೀಚರ್, ಗೋಡೆ ಟೀಚರ್ ಎಲ್ಲಿ? ಫೋನ್ ಹಿಡಿದ್ರೆ ಬರ್ತಾನೇ ಇಲ್ಲ," ಅಂದಳು ಬೊಚ್ಚಿ. "ಸತ್ತೋದ್ರಾ?"

ಸುಣ್ಣದ ಪುಡಿ ಗಂಟಲಿಗೆ ಹೋಗಿತ್ತು. ನೀರಿನ ಬಾಟಲಿ ದೂರ ಮೇಜಿನ ಮೇಲಿತ್ತು. ಅವಳು ಬಾಯಿ ಮುಚ್ಚಿ ತಡೆದಳು, ಉಗುಳು ನುಂಗಿದಳು, ಆಗಲಿಲ್ಲ.

ಖೊಕ್ ಖೊಕ್. ಹ್ಞಾಂ.

ಕ್ಲಾಸು ಗಕ್ಕನೆ ನಿಂತಿತು. ಬೊಚ್ಚಿ ಬಾಯಿ ಬಿಟ್ಟುಕೊಂಡು ಅವಳ ಮುಖ ನೋಡಿದಳು, ಗೋಡೆ ನೋಡಿದಳು, ಮತ್ತೆ ಮುಖ ನೋಡಿದಳು.

"ನೀವೇ!" ಅಂದಳು. "ಲೇ, ಇವ್ರೇ ಕಣ್ರೋ! ಗೋಡೆ ಟೀಚರ್ ಇವ್ರೇ!"

ಒಂದು ಮಗು ಕೆಮ್ಮಿತು, ಖೊಕ್ ಖೊಕ್ ಹ್ಞಾಂ. ಇನ್ನೊಂದು ಕೆಮ್ಮಿತು. ಆಮೇಲೆ ಎಲ್ಲವೂ ಕತ್ತು ಕುಣಿಸುತ್ತಾ, ಕುಪ್ಪಳಿಸುತ್ತಾ, ಅವಳ ಸೆರಗು ಹಿಡಿದು ಜಗ್ಗುತ್ತಾ ಕೆಮ್ಮಿದವು. ಅವಳು ಒದ್ದೆ ಬಟ್ಟೆ ಹಿಡಿದ ಕೈಯಲ್ಲೇ ಬೊಚ್ಚಿಯನ್ನು ಅವುಚಿಕೊಂಡಳು.

ಸದ್ದು ಕೇಳಿ ಹೆಡ್ ಮೇಡಂ ಓಡಿ ಬಂದರು.

"ಏನಿದು! ಟೀಚರಿಗೆ ಆಪರೇಷನ್ ಆಗಿದೆ, ಹುಷಾರಿಲ್ಲ, ಅವರನ್ನ ಅಣಕಿಸ್ತೀರಾ? ನಾಚಿಕೆ ಆಗಲ್ವಾ? ಹತ್ತಿ ಎಲ್ರೂ ಬೆಂಚಿನ ಮೇಲೆ! ಕೈ ಮೇಲೆತ್ತಿ!"

"ಮೇಡಂ, ಇಲ್ಲ... ಅವು ನನ್ನ..." ಅವಳು ಎದ್ದಳು. ಗಾಳಿ ಹೊರಟಿತು. ಮಕ್ಕಳು ಬೆಂಚು ಹತ್ತುವ ಸದ್ದಿನಲ್ಲಿ ಅವಳ ಕಿವಿಗೇ ಅವಳ ಮಾತು ಕೇಳಿಸಲಿಲ್ಲ. ಹೆಡ್ ಮೇಡಂ ಅವರ ತೋಳು ಹಿಡಿದಳು, ಕೈಸನ್ನೆ ಮಾಡಿದಳು, ಬೇಡ ಬೇಡ ಅಂತ ತಲೆ ಆಡಿಸಿದಳು.

"ನೀವು ಸುಮ್ನಿರಿ ಟೀಚರ್, ನಿಮ್ದು ಕನಿಕರ ಜಾಸ್ತಿ. ಗಂಟಲು ನೋಯಿಸ್ಕೋಬೇಡಿ. ಇವಕ್ಕೆ ಬುದ್ಧಿ ಬರ್ಲಿ."

ಮಕ್ಕಳು ಕೈ ಮೇಲೆತ್ತಿ ನಿಂತವು. ಅವು ಹೆಡ್ ಮೇಡಂ ಕಡೆ ನೋಡಲಿಲ್ಲ. ಎಲ್ಲವೂ ಅವಳನ್ನೇ ನೋಡುತ್ತಿದ್ದವು. ಈ ಟೀಚರ್ ಈಗ ಜೋರಾಗಿ ಹೇಳ್ತಾರೆ, ಗೋಡೆಯೊಳಗೆ ಹೇಳ್ತಿದ್ದ ಹಾಗೆ ಹೇಳ್ತಾರೆ ಅಂತ ಕಾಯುತ್ತಿದ್ದವು. ಸ್ವಲ್ಪ ಹೊತ್ತು ಕಾದವು. ಆಮೇಲೆ ಬೊಚ್ಚಿ ಮುಖ ಆಚೆ ತಿರುಗಿಸಿದಳು.

ಟೀಚರ್ ಮಂಡಿಯೂರಿ ಉಳಿದ ಕಾಗೆಯನ್ನು ಕೆರೆದು ತೆಗೆದಳು.

ಮರುದಿನ ಬೀಗದ ಕೈ ಹಿಡಿದು ಸ್ಟೋರ್ ರೂಮಿಗೆ ಹೋಗುವಾಗ ವರಾಂಡದಲ್ಲಿ ಬೊಚ್ಚಿ ಎದುರಾದಳು. ಇವಳು ನಿಂತಳು. ನಕ್ಕಳು. ಹುಡುಗಿ ಎರಡೂ ಕೈಯಿಂದ ತನ್ನ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಳು. ಟೀಚರ್ ಹಾದು ಹೋಗಿ, ಬೀಗ ತೆಗೆದು, ಒಳಗೆ ಹೋಗುವವರೆಗೂ ಕೈ ತೆಗೆಯಲಿಲ್ಲ.